ಸಿಮೆಂಟಿನಲ್ಲಿ ಹುದುಗಿಸಿದ ವಿಕಿರಣ



ವಿಕಿರಣಶೀಲ ತ್ಯಾಜ್ಯವನ್ನು ಸಿಮೆಂಟಿನಲ್ಲಿ ಕಲಸಿ ಗಟ್ಟಿ ಮಾಡಿದರೆ ಅದರ ವಿಷವೇ ಇಂಗಿಹೋಗುತ್ತದೆಂಬ ನಂಬಿಕೆ ಹಲವರಲ್ಲಿದೆ. ಹಾಗಲ್ಲ. ಸಿಮೆಂಟು ವಿಕಿರಣವನ್ನು ಕೊಲ್ಲಲಾರದು. ಅದು ತಾನಾಗಿ ಕ್ಷಯಿಸುವವರೆಗೆ ನೀರಿಗೆ ಸೇರದಂತೆ ತಡೆಹಿಡಿಯುವುದಷ್ಟೇ ಅದರ ಕೆಲಸ.

ಕಾಳಿ ನದಿಯ ದಂಡೆಯ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಇಂಥ ಸ್ಥಾವರಗಳಲ್ಲಿ ಉಳಿಯುವ ಕೆಸರು, ನೀರು ಬತ್ತಿಸಿದ ಗಸಿ ಮೊದಲಾದ ಕೆಳ ಮತ್ತು ಮಧ್ಯಮ ಮಟ್ಟದ ತ್ಯಾಜ್ಯವನ್ನು ಸಿಮೆಂಟಿನೊಡನೆ ಬೆರೆಸಿ ಪೀಪಾಯಿಗಳಲ್ಲಿ ಗಟ್ಟಿಗೊಳಿಸಿ, ಆವರಣದಲ್ಲೇ ಕಾಂಕ್ರೀಟ್ ಕಂದಕಗಳಲ್ಲಿ ಹೂಳುವುದು ಭಾರತದಲ್ಲಿನ ಪದ್ಧತಿ. ಉರಿದ ಇಂಧನದ ಮರುಸಂಸ್ಕರಣೆಯಿಂದ ಬರುವ ಉಗ್ರ ತ್ಯಾಜ್ಯದ ಹಾದಿ ಬೇರೆ. ಅದನ್ನು ಗಾಜಿನಲ್ಲಿ ಸೆರೆಹಿಡಿಯುತ್ತಾರೆ.

ಕಂದಕಕ್ಕೆ ಹೋಗುವುದರಲ್ಲಿ ಮುಖ್ಯವಾಗಿ ಗಮನಿಸಬೇಕಾದವು ಸ್ಟ್ರಾನ್ಷಿಯಂ-90 ಮತ್ತು ಸೀಸಿಯಂ-137. ಎರಡರ ಅರ್ಧಾಯುಷ್ಯವೂ ಸುಮಾರು 30 ವರ್ಷ. 300 ವರ್ಷಗಳಲ್ಲಿ ಅವು ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತವೆ. ಅಷ್ಟು ಕಾಲ ಕಾವಲು ಬೇಕೆಂಬುದು ಈ ಲೆಕ್ಕದಿಂದಲೇ. (300 ವರ್ಷಗಳ ಹಿಂದೆ ಮಲೆನಾಡಿನ ಬಹುಭಾಗವನ್ನು ಆಳುತ್ತಿದ್ದವರು ಕೆಳದಿಯ ಅರಸರು. ಅವರ ಕಾವಲುಗಾರರ ವಂಶ ಇಂದು ಯಾವ ಬಾಗಿಲನ್ನು ಕಾಯುತ್ತಿದೆ?)

ರೈತನಿಗೆ ತಿಳಿಯುವಂತೆ ಹೇಳುವುದಾದರೆ, ಸ್ಟ್ರಾನ್ಷಿಯಂ ಸುಣ್ಣದ ದಾಯಾದಿ, ಸೀಸಿಯಂ ಪೊಟ್ಯಾಷಿನ ದಾಯಾದಿ. ಸುಣ್ಣವೇ ಪ್ರಧಾನವಾದ ಸಿಮೆಂಟು ಸ್ಟ್ರಾನ್ಷಿಯಮ್ಮನ್ನು ತಕ್ಕಮಟ್ಟಿಗೆ ಹಿಡಿದುಕೊಳ್ಳುತ್ತದೆ. ಸೀಸಿಯಂ ಮಾತ್ರ ಸಿಮೆಂಟಿನ ಸೂಕ್ಷ್ಮರಂಧ್ರಗಳ ನೀರಿನಲ್ಲಿ ಕರಗಿ ಮೆಲ್ಲನೆ ನುಸುಳುತ್ತದೆ. ಆದ್ದರಿಂದಲೇ ಬೆಂಟೊನೈಟ್, ವರ್ಮಿಕ್ಯುಲೈಟಿನಂಥ ಖನಿಜಗಳನ್ನು ಸಿಮೆಂಟಿಗೆ ಬೆರೆಸುತ್ತಾರೆ. ಅಭ್ರಕದ ಅಂಶವುಳ್ಳ ಜೇಡಿ ತನ್ನ ಪದರಗಳ ನಡುವೆ ಪೊಟ್ಯಾಷನ್ನು ಬಿಗಿಹಿಡಿಯುವ ಗುಣವೇ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಜಂಬಿಟ್ಟಿಗೆಯ ಮಣ್ಣಿನಲ್ಲಿ ಹೆಚ್ಚಾಗಿರುವುದು ಕೆಯೊಲಿನೈಟ್. ಅದಕ್ಕೆ ಈ ಶಕ್ತಿ ಅತ್ಯಲ್ಪ. ಪೀಪಾಯಿ ಸೋರಿದರೂ ಮಣ್ಣು ತಡೆದೀತೆಂದು ಮಲೆನಾಡಿನಲ್ಲಿ ಹೇಳುವವರು ಮೊದಲು ಆ ಮಣ್ಣನ್ನು ಪರೀಕ್ಷಿಸಿ ತೋರಿಸಬೇಕು.

ಸ್ಲೊವಾಕಿಯಾ ಮತ್ತು ಚೆಕ್ ದೇಶಗಳಲ್ಲಿ ಜಿಯೋಪಾಲಿಮರ್ ಎಂಬ ಸಿಮೆಂಟಿನಂಥ ವಸ್ತು ಬಳಕೆಗೆ ಬಂದಿದೆ. ಅಲ್ಯೂಮಿನಿಯಂ ಮತ್ತು ಸಿಲಿಕಾನುಗಳ ಅದರ ಜಾಲದಲ್ಲಿ ಸೀಸಿಯಮ್ಮಿಗೂ ಒಂದು ನೆಲೆ ಸಿಗುತ್ತದೆ. ಆಶಾದಾಯಕವೇ. ಆದರೆ ಗಟ್ಟಿಗೊಳಿಸಿದ ತುಂಡನ್ನು ನೀರಲ್ಲಿಟ್ಟು ಎಷ್ಟು ಕರಗಿ ಬಂತೆಂದು ಅಳೆಯುವ ಪರೀಕ್ಷೆ ಸಾಮಾನ್ಯವಾಗಿ ತಿಂಗಳುಗಳದ್ದು, ಕೊಡುವ ಭರವಸೆ ಶತಮಾನಗಳದ್ದು.

1994ರ ಮೇ ತಿಂಗಳಲ್ಲಿ ಕೈಗಾದ ಒಂದನೇ ಘಟಕದ, ಆಗಿನ್ನೂ ಕಟ್ಟುತ್ತಿದ್ದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದಿತ್ತು. ಅಲ್ಲಿ ಇಂಧನವಿರಲಿಲ್ಲ, ವಿಕಿರಣದ ಮಾತೂ ಇರಲಿಲ್ಲ. ಆದರೂ ಕಾಂಕ್ರೀಟಿನ ಬಾಳಿಕೆಯ ಬಗ್ಗೆ ಪ್ರಶ್ನೆ ಕೇಳುವ ಹಕ್ಕು ಈ ಜಿಲ್ಲೆಗೆ ಅಂದೇ ಬಂದಿದೆ. ಕಂದಕಗಳ ಸುತ್ತಲಿನ ನಿಗಾ ಬಾವಿಗಳ ನೀರಿನಲ್ಲಿ ಸೀಸಿಯಂ ಎಷ್ಟೆಂಬ ಅಂಕಿಗಳು ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ಕನ್ನಡದಲ್ಲಿ, ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಬರಲಿ.