ಒಲವು ಕೊಡುವ ಬಗೆ, ಒಲವು ಕೊಳ್ಳುವ ಬಗೆ

ನಮ್ಮ ಮಲೆನಾಡಿನ ಸಂಸಾರಗಳಲ್ಲಿ ಪ್ರೀತಿಯೆಂಬ ಮಾತು ಬಾಯಿಗೆ ಬರುವುದು ಅಪರೂಪ. ಗಂಡನ ಹೆಸರು ಹೇಳಲು ಸಂಕೋಚಪಟ್ಟು "ನಮ್ಮನೆಯವರು" ಎಂದೇ ಬಾಳು ಸಾಗಿಸಿದ ತಾಯಂದಿರು ಇನ್ನೂ ಎಷ್ಟೋ ಮನೆಗಳಲ್ಲಿ ಇದ್ದಾರೆ. ಹೆಂಡತಿಯನ್ನು "ಇವಳೇ" ಎಂದಲ್ಲದೆ ಬೇರೆ ರೀತಿ ಕರೆದರಿಯದ ಹಿರಿಯರೂ ಇದ್ದಾರೆ. ಹಾಗೆಂದು ಆ ಮನೆಗಳಲ್ಲಿ ಒಲವು ಇರಲಿಲ್ಲವೆನ್ನಬಹುದೇ? ಖಂಡಿತ ಇತ್ತು. ಅದು ಮಾತಿನಲ್ಲಿರದೆ ಕೆಲಸದಲ್ಲಿತ್ತು.

ಸೀತೂರು, ಕೊಪ್ಪ, ನರಸಿಂಹರಾಜಪುರದ ಕಡೆ ಆಷಾಢದ ಮಳೆ ಎಂತಹುದೆಂದು ಕೇಳುಗರಿಗೆ ಹೇಳಬೇಕಾಗಿಲ್ಲ. ತೋಟದಿಂದ ತೊಯ್ದು ಬಂದವನಿಗೆ ಬಚ್ಚಲ ಹಂಡೆಯಲ್ಲಿ ನೀರು ಕಾದಿರುತ್ತದೆ. ಒಲೆಯ ಕಾವಿಗೆ ಒಣಗಿದ ಬೆಚ್ಚನೆಯ ಪಂಚೆ ಸಿದ್ಧವಾಗಿರುತ್ತದೆ. ಇಷ್ಟೆಲ್ಲ ಮಾಡಿಟ್ಟವಳು ಒಂದು ಮಾತೂ ಆಡಿರುವುದಿಲ್ಲ. ಇತ್ತ ಆತನೂ ಪೇಟೆಗೆ ಹೋದಾಗ ತನ್ನ ಹರಿದ ಚಪ್ಪಲಿಯನ್ನು ಮರೆತು ಅವಳ ಕೆಮ್ಮಿಗೆ ಔಷಧ ತರುತ್ತಾನೆ. ತಂದದ್ದನ್ನು ಜಗಲಿಯ ಮೇಲಿಟ್ಟು ಸುಮ್ಮನೆ ಒಳಗೆ ಹೋಗುತ್ತಾನೆ.

ಇಷ್ಟಿದ್ದೂ ಇಬ್ಬರ ಮನಸ್ಸಿನಲ್ಲಿ ಕೊರತೆ ಉಳಿಯುವುದುಂಟು. "ಅವಳಿಗೆ ನಾನೇನು ಕಡಿಮೆ ಮಾಡಿದ್ದೀನಿ?" ಎಂದು ಗಂಡ ಕೇಳುತ್ತಾನೆ. "ಎಲ್ಲಾ ತಂದು ಹಾಕ್ತಾರೆ, ಒಂದು ಮಾತು ಮಾತ್ರ ಇಲ್ಲ" ಎಂದು ಹೆಂಡತಿ ನಿಟ್ಟುಸಿರು ಬಿಡುತ್ತಾಳೆ. ಇಬ್ಬರದೂ ಸುಳ್ಳಲ್ಲ. ಆತ ಕೊಟ್ಟದ್ದು ನಿಜ. ಆಕೆಗೆ ಸಿಕ್ಕದಿರುವುದೂ ನಿಜ.

ಮಲೆನಾಡಿನಲ್ಲಿ ಈ ಕೊರತೆ ಹೆಚ್ಚು ಬಾಧಿಸುವುದಕ್ಕೆ ಕಾರಣವೊಂದಿದೆ. ಬಯಲುಸೀಮೆಯ ಊರಿನಲ್ಲಿ ಗೋಡೆಗೆ ಗೋಡೆ ತಾಗಿಕೊಂಡು ಮನೆಗಳಿರುತ್ತವೆ. ಹೊಸದಾಗಿ ಬಂದ ಸೊಸೆಗೆ ಬಾವಿಕಟ್ಟೆಯಲ್ಲೋ ಎದುರು ಮನೆಯಲ್ಲೋ ಮಾತಿಗೆ ಜನ ಸಿಗುತ್ತಾರೆ. ನಮ್ಮಲ್ಲಿ ತೋಟಕ್ಕೊಂದು ಮನೆ. ಮಳೆ ಹಿಡಿಯಿತೆಂದರೆ ದಿನಗಟ್ಟಲೆ ಹೊರಗಿನವರ ಮುಖ ಕಾಣುವುದಿಲ್ಲ. ಅಂಥ ಕಡೆ ಗಂಡನೂ ಮೌನಿಯಾದರೆ ಆಕೆ ಯಾರೊಡನೆ ಮಾತಾಡಬೇಕು? ಆತನಿಗೆ ಸಹಜವಾದ ಮೌನ ಆಕೆಗೆ ತಿರಸ್ಕಾರವಾಗಿ ಕಾಣುತ್ತದೆ.

ಅಮೆರಿಕದ ಗ್ಯಾರಿ ಚಾಪ್‌ಮನ್ ಎಂಬ ಪಾದ್ರಿಯೊಬ್ಬರು 1992ರಲ್ಲಿ ಈ ವಿಷಯವಾಗಿಯೇ ಒಂದು ಪುಸ್ತಕ ಬರೆದರು. ಒಳ್ಳೆಯ ಮಾತು, ಜೊತೆಯಲ್ಲಿ ಕಳೆಯುವ ಹೊತ್ತು, ಉಡುಗೊರೆ, ಸೇವೆ, ಸ್ಪರ್ಶ ಎಂದು ಅವರು ಒಲವಿಗೆ ಐದು ಭಾಷೆಗಳನ್ನು ಹೇಳಿದರು. ಒಬ್ಬೊಬ್ಬರಿಗೆ ಒಂದೊಂದು ಮುಖ್ಯ ಭಾಷೆ. ಅದನ್ನರಿತು ನಡೆದರೆ ದಾಂಪತ್ಯ ಸುಖಕರವೆಂಬುದು ಅವರ ಮತ. ಆದರೆ 2024ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞರು ಈ ಮತವನ್ನು ಪರಿಶೀಲಿಸಿ, ಮನುಷ್ಯನಿಗೆ ಒಂದೇ ಭಾಷೆ ಎಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲವೆಂದರು. ಒಲವನ್ನು ಅವರು ಸಮತೋಲದ ಆಹಾರಕ್ಕೆ ಹೋಲಿಸಿದರು. ಅನ್ನವೊಂದೇ ಇದ್ದರೆ ಊಟವಾಗದು. ಸಾರು, ಪಲ್ಯ, ಮಜ್ಜಿಗೆ ಎಲ್ಲವೂ ಬೇಕು. ಸೇವೆಯೊಂದನ್ನೇ ಬಡಿಸಿ ಹೊಟ್ಟೆ ತುಂಬಿತೆಂದು ತಿಳಿಯುವ ನಮಗೆ ಇದು ತಕ್ಕ ಮಾತು.

ಕೃಷಿಕರಿಗೆ ತಿಳಿದ ಸಂಗತಿಯನ್ನೇ ನೋಡಿ. ಕೊಳೆರೋಗ ಬಾರದಂತೆ ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹದ ಸರಿಯಾಗಿದ್ದರೂ ದ್ರಾವಣ ಬುಡಕ್ಕೆ ಬಿದ್ದರೆ ಏನು ಫಲ? ಅದು ಗೊನೆಗೆ ತಾಗಬೇಕು. ಹೊತ್ತಿಗೆ ಸರಿಯಾಗಿ ತಾಗಬೇಕು. ಒಲವೂ ಹಾಗೆಯೇ. ಎಷ್ಟು ಕೊಟ್ಟೆವೆಂಬುದರ ಜೊತೆಗೆ ಎಲ್ಲಿಗೆ ತಲುಪಿತೆಂಬುದನ್ನೂ ನೋಡಬೇಕು.

ಪಡೆಯುವವರಿಗೂ ಒಂದು ಕರ್ತವ್ಯವುಂಟು. ಹನ್ನೆರಡನೆಯ ಶತಮಾನದ ಶರಣ ದಂಪತಿಗಳಾದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರ ಕಥೆ ತಿಳಿದದ್ದೇ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ. ಲಕ್ಕಮ್ಮ ಹಿಗ್ಗಲಿಲ್ಲ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದಳು. ಮೇಲ್ನೋಟಕ್ಕೆ ಅದು ಗದರಿಕೆ. ಗಂಡನ ಕಾಯಕ ಕೆಡಬಾರದೆಂಬ ಕಾಳಜಿ ಅದರೊಳಗಿದೆ. ಮಾರಯ್ಯ ಅದನ್ನು ಕಾಳಜಿಯೆಂದೇ ಸ್ವೀಕರಿಸಿದ. ಆತ ಅವಮಾನವೆಂದು ಬಗೆದಿದ್ದರೆ ಆ ಸಂಸಾರದ ಕಥೆಯೇ ಬೇರೆಯಾಗುತ್ತಿತ್ತು.

ಮಾತಿನ ಒಲವು ಪರದೇಶದಿಂದ ಬಂದದ್ದೆಂದು ಹಳಿಯುವವರಿದ್ದಾರೆ. ಅದು ಸಲ್ಲದು. ಉತ್ತರ ಕರ್ನಾಟಕದ ಮದುವೆಗಳಲ್ಲಿ ಒಡಪು ಕಟ್ಟಿ ಗಂಡಹೆಂಡಿರು ಒಬ್ಬರ ಹೆಸರನ್ನೊಬ್ಬರು ನಾಲ್ಕು ಜನರೆದುರು ಹೇಳುತ್ತಾರೆ. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಬಂದಾಗ ಕನ್ನಡಿಗರು ಅದನ್ನು ಮನೆಮನೆಯಲ್ಲಿ ಹಾಡಿಕೊಂಡರು. ಮನೆಯ ಒಲವಿಗೆ ಮಾತು ಬೇಕೆಂಬ ಹಸಿವು ನಮ್ಮದೇ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಬಗೆ ಬೇರೆಯೆಂಬ ಮಾತು ಉದಾಸೀನಕ್ಕೆ ನೆಪವಾಗಬಾರದು. ಕೈಯೆತ್ತುವವನು, ಹೀಯಾಳಿಸುವವನು "ನನ್ನ ಪ್ರೀತಿಯ ರೀತಿಯೇ ಹೀಗೆ" ಎಂದರೆ ನಂಬಬೇಕಾಗಿಲ್ಲ. ಹೆಂಡತಿಯ ದುಡಿಮೆಯನ್ನೆಲ್ಲ ಒಲವೆಂದು ಕರೆದು, ಅವಳ ದಣಿವನ್ನು ಕಾಣದಿರುವುದೂ ನ್ಯಾಯವಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಕೇಳಿ ತಿಳಿಯುವುದು. "ನಾನು ಮಾಡುವುದರಲ್ಲಿ ನಿನಗೆ ಯಾವುದು ಹಿತ?" ಎಂದು ಒಮ್ಮೆ ಕೇಳಿದರೆ ಯಾರ ಗೌರವವೂ ಕುಂದುವುದಿಲ್ಲ. ಹಿಂದೆ ಅಡಿಕೆ ಸುಲಿತದ ರಾತ್ರಿಗಳಲ್ಲಿ ಮನೆಮಂದಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕೂರುತ್ತಿದ್ದರು. ಕೈ ಕೆಲಸ ಮಾಡುವಾಗ ಬಾಯಿ ತಾನಾಗಿ ಬಿಚ್ಚುತ್ತಿತ್ತು. ಈಗ ಎಷ್ಟೋ ಕಡೆ ಯಂತ್ರ ಸುಲಿಯುತ್ತದೆ. ಅದರಿಂದ ಉಳಿದ ಹೊತ್ತಿನಲ್ಲಿ ಅರ್ಧ ಗಂಟೆಯನ್ನಾದರೂ ಇಬ್ಬರೂ ಜಗಲಿಯ ಮೇಲೆ ಕೂಡಿ ಕಳೆಯಬಹುದು. ನೀರು ಕಾಯಿಸಿಟ್ಟವಳಿಗೆ "ದಣಿದಿದ್ದೀಯ, ಕೂತ್ಕೊ" ಎಂದರೆ ಸಾಕು. ಔಷಧ ತಂದವನಿಗೆ "ನೆನಪಿಟ್ಟು ತಂದಿರಲ್ಲ" ಎಂದರೆ ಸಾಕು. ಇಬ್ಬರಲ್ಲೊಬ್ಬರು ಇಲ್ಲವಾದ ಮೇಲೆ ಬಂದವರೆದುರು ಹೊಗಳುವ ಆ ಮಾತನ್ನು, ಕೇಳುವ ಕಿವಿ ಎದುರಿಗಿರುವಾಗಲೇ ಆಡುವುದು ಲೇಸು.