ಹಳೆಯ ಯಂತ್ರದ ವ್ಯಾಪಾರದಲ್ಲಿ ನೇರ ನಡತೆ
(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹೊಸ ಯಂತ್ರ ಕೊಳ್ಳುವ ಶಕ್ತಿ ನಮ್ಮಲ್ಲಿ ಎಷ್ಟು ಮಂದಿಗಿದೆ? ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯ ಹತ್ತಿ ಗಿರಣಿಗಳು ಮುಚ್ಚಿದ ಕಥೆ ನಿಮಗೆ ಗೊತ್ತು. ಗಿರಣಿ ಮುಚ್ಚಿದಾಗ ಕೈಗೆ ಬಂದ ಗ್ರಾಚ್ಯುಯಿಟಿಯಲ್ಲಿ ಒಬ್ಬನು ಹಳೆಯ ವಿದ್ಯುತ್ ಮಗ್ಗ ಕೊಳ್ಳುತ್ತಾನೆ, ಇನ್ನೊಬ್ಬನು ಹೊಲಿಗೆ ಯಂತ್ರ, ಮತ್ತೊಬ್ಬನು ಅಂಗಡಿಗೆ ತಕ್ಕಡಿ. ಅದರಲ್ಲಿ ಮೋಸವಾದರೆ ಹೋಗುವುದು ಬರೀ ಹಣವಲ್ಲ, ಇಪ್ಪತ್ತು ವರ್ಷದ ಬೆವರು.

ಕಾನೂನು ಏನು ಹೇಳುತ್ತದೆ? 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ ಮಾಲಿನ ಗುಣವನ್ನು ನೋಡಿಕೊಳ್ಳುವ ಹೊಣೆ ಸಾಮಾನ್ಯವಾಗಿ ಕೊಳ್ಳುವವನದೇ. 1872ರ ಕರಾರು ಕಾಯಿದೆಯಲ್ಲಿ, ಗೊತ್ತಿರುವ ದೋಷವನ್ನು ಬೇಕೆಂದೇ ಮುಚ್ಚಿಡುವುದು ವಂಚನೆ. ಸುಮ್ಮನಿರುವುದು ಮಾತ್ರ ಸಾಮಾನ್ಯವಾಗಿ ವಂಚನೆಯಲ್ಲ. ಬಿರುಕಿಗೆ ಬಣ್ಣ ಬಳಿದರೆ ತಪ್ಪು, ಬಿರುಕಿನ ಸುದ್ದಿ ಎತ್ತದಿದ್ದರೆ ಪಾರು! ಕಾನೂನು ಬಿಟ್ಟ ಈ ಕಂಡಿಯಲ್ಲಿ ನಾವು ನುಸುಳಬಾರದು. ನಮ್ಮಂತೆಯೇ ದುಡಿದು ತಿನ್ನುವವನಿಗೆ ಮಾರುವಾಗ, ಕೇಳದಿದ್ದರೂ ದೋಷ ಹೇಳಬೇಕು.

ಕೊಳ್ಳುವವರಿಗೂ ನಾಲ್ಕು ಮಾತು. ಹೊಸ ಬಣ್ಣ ಕಂಡು ಮರುಳಾಗಬೇಡಿ. ಎರಕದ ಕಬ್ಬಿಣಕ್ಕೆ ಬೆಸುಗೆ ಹಾಕಿದ್ದಾರೆಯೇ ನೋಡಿ. ಮಗ್ಗವನ್ನು ಖಾಲಿ ಓಡಿಸಿ ತೋರಿಸಿದರೆ ಸಾಲದು, ನೂಲು ಹಾಕಿ ನೇಯಿಸಿ ನೋಡಿ. ಮೋಟಾರು ಒಂದು ಗಂಟೆ ಓಡಲಿ; ವಿಪರೀತ ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಬಿಟ್ಟು ಬನ್ನಿ. ತಕ್ಕಡಿಗೆ ಅಳತೆ-ತೂಕ ಇಲಾಖೆಯ ಚಾಲ್ತಿ ಮುದ್ರೆ ಇರಲಿ. ಯಂತ್ರದ ಮೇಲೆ ಬ್ಯಾಂಕಿನ ಸಾಲವಿದೆಯೇ ಎಂದು ವಿಚಾರಿಸಿ. ಯಂತ್ರದ ನಂಬರು, ಬೆಲೆ, ಹೇಳಿದ ದೋಷಗಳು, ಇಬ್ಬರ ರುಜು—ಇವಿಷ್ಟೂ ಇರುವ ಚೀಟಿ ಇಬ್ಬರ ಬಳಿಯೂ ಇರಬೇಕು. ಬಾಯಿಮಾತು ಗಾಳಿಗೆ ಹೋಗುತ್ತದೆ.

ಇನ್ನೊಂದು ವಿಷಯ ಬಹಳ ಮಂದಿಗೆ ತಿಳಿಯದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ವ್ಯಾಪಾರೋದ್ದೇಶಕ್ಕೆ ಕೊಂಡವರಿಗೆ ಇಲ್ಲ, ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡು ಬಳಸುವವನನ್ನು ಅದು ಗ್ರಾಹಕನೆಂದೇ ಎಣಿಸುತ್ತದೆ. ಒಂದೇ ಮಗ್ಗದ ನೇಕಾರನೂ, ಒಂದೇ ಯಂತ್ರದ ದರ್ಜಿಯೂ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತಟ್ಟಬಹುದು. ಆಗ ಆ ಚೀಟಿಯೇ ನಿಮ್ಮ ಸಾಕ್ಷಿ.

ಮೋಸ ಮಾರುವವನದು ಮಾತ್ರವೇ? ಇಲ್ಲ. ತೀರಾ ಅಗ್ಗಕ್ಕೆ, ಕತ್ತಲಲ್ಲಿ, ಚೀಟಿಯಿಲ್ಲದೆ ಬರುವ ಮೋಟಾರು ಎಲ್ಲಿಯದೆಂದು ಕೇಳದೆ ಕೊಳ್ಳುವವನು ಕಳ್ಳನ ಪಾಲುದಾರ. ಕದ್ದ ಮಾಲೆಂದು ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಂಡರೆ ಮೂರು ವರ್ಷದವರೆಗೆ ಸಜೆಯುಂಟು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದೇ ಶಿಕ್ಷೆ ಇದೆ. ಮಗಳ ಔಷಧಕ್ಕೆಂದು ಮಗ್ಗ ಮಾರಲು ಬಂದವನ ಕಣ್ಣೀರು ನೋಡಿ ಅರ್ಧ ಬೆಲೆ ಕೇಳುವುದು ಯಾವ ಕಾಯಿದೆಗೂ ಸಿಕ್ಕದಿರಬಹುದು. ಆದರೂ ಅದು ಸುಲಿಗೆಯೇ. ನಮ್ಮ ಕೂಲಿ ಕತ್ತರಿಸಿದ ಮಾಲೀಕನೂ ನಮ್ಮ ಕಷ್ಟ ನೋಡಿಯೇ ಕತ್ತರಿಸಿದನಲ್ಲವೆ?

ಕೊನೆಗೆ ಒಂದು ಬಿನ್ನಹ. ಪ್ರತಿ ಕಾರ್ಮಿಕ ಸಂಘವೂ ವರ್ತಕರ ಸಂಘವೂ ತನ್ನ ಒಬ್ಬ ಅನುಭವಿ ಫಿಟ್ಟರನನ್ನು ಈ ಕೆಲಸಕ್ಕೆ ಗೊತ್ತುಮಾಡಲಿ. ಯಂತ್ರ ಕೈ ಬದಲಿಸುವ ಮುನ್ನ ಅವನು ಪರೀಕ್ಷಿಸಲಿ, ಇಬ್ಬರ ಎದುರಿಗೂ ಸತ್ಯ ಹೇಳಲಿ. ಒಬ್ಬೊಬ್ಬರೇ ಹೋದರೆ ದಲ್ಲಾಳಿಯ ಬಾಯಿಗೆ ಬೀಳುತ್ತೇವೆ. ಸಂಘವಾಗಿ ಹೋದರೆ ಬೆಲೆಯೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ.