ಉಗ್ರಾಣದ ಸ್ಪ್ರಿಂಕ್ಲರ್: ನೀರು ಬೀಳುವ ಜಾಗ, ಬೀಳದ ಜಾಗ



ದಾವಣಗೆರೆ ಹಿಂದೆ ಹತ್ತಿ ಗಿರಣಿಗಳ ಊರು. ಈಗ ಅಲ್ಲಿಯೂ ಹರಿಹರದ ಕಡೆಯೂ ಉಗ್ರಾಣ ಎಂದರೆ ಮೆಕ್ಕೆಜೋಳ, ಭತ್ತದ ಚೀಲಗಳೇ ಮೊದಲು ನೆನಪಾಗುತ್ತವೆ. ಹತ್ತಿಗಾಗಲಿ ಗೋಣಿಗಾಗಲಿ ಒಂದು ಕಿಡಿ ಸಾಕು, ವರ್ಷದ ದುಡಿಮೆ ಬೂದಿಯಾಗುತ್ತದೆ.

ಕೆಲವು ದೊಡ್ಡ ಉಗ್ರಾಣಗಳ ಸೂರಿನಡಿ ಬೆಂಕಿ ನಂದಿಸುವ ಸ್ಪ್ರಿಂಕ್ಲರುಗಳಿರುತ್ತವೆ. ಹೊಲದ ಸ್ಪ್ರಿಂಕ್ಲರುಗಳಂತೆ ಇವೆಲ್ಲ ಒಟ್ಟಿಗೆ ಚಿಮ್ಮುವುದಿಲ್ಲ. ಕಾವು ತಗುಲಿದ ಸ್ಪ್ರಿಂಕ್ಲರಿನ ಗಾಜಿನ ಗುಂಡು, ಸಾಮಾನ್ಯವಾಗಿ 68 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ, ಒಡೆದು ಅದು ಮಾತ್ರ ತೆರೆಯುತ್ತದೆ. ಆದ್ದರಿಂದ ಒಂದೊಂದರ ಪಾಲಿಗೆ ಎಷ್ಟು ನೆಲ ಬಂದಿದೆ ಎಂಬುದನ್ನು ಅಳೆದು ತಿಳಿಯಬೇಕು.

ಸಾಲಿನಲ್ಲಿ ಮುಂದಿನ ಸ್ಪ್ರಿಂಕ್ಲರಿಗಿರುವ ದೂರ, ಇಲ್ಲವೇ ಗೋಡೆಗಿರುವ ದೂರದ ಎರಡರಷ್ಟು, ಇವೆರಡರಲ್ಲಿ ಹೆಚ್ಚಿನದನ್ನು ಹಿಡಿಯಿರಿ. ಪಕ್ಕದ ಸಾಲಿನ ಕಡೆಗೂ ಹೀಗೆಯೇ ಅಳೆದು ಗುಣಿಸಿ. ಎರಡೂ ಕಡೆ 3 ಮೀಟರ್ ಇದ್ದರೆ 9 ಚದರ ಮೀಟರ್. ಗೋಡೆ 2 ಮೀಟರ್ ದೂರವಿದ್ದರೆ 4ನ್ನು 3ರಿಂದ ಗುಣಿಸಿ 12. ಅಮೆರಿಕದ ಎನ್‌ಎಫ್‌ಪಿಎ 13 ನಿಯಮಾವಳಿ ಸಾಧಾರಣ ಅಪಾಯದ ಕಟ್ಟಡಕ್ಕೆ ಒಪ್ಪುವ ಮಿತಿ ಸುಮಾರು ಇಷ್ಟೇ. ಎತ್ತರಕ್ಕೆ ಒಟ್ಟಿದ ಸರಕಿಗೆ ಇನ್ನೂ ಕಡಿಮೆ. ನಮ್ಮ ದೇಶದಲ್ಲಿ ಇದಕ್ಕೆ ಐಎಸ್ 15105 ಎಂಬ ಮಾನಕವಿದೆ.

ಇನ್ನು ಅಡ್ಡಿಗಳ ವಿಷಯ. ತೆಂಗಿನ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರು ಬೊಡ್ಡೆಯ ಹಿಂದೆ ಉಳಿಯುವ ಒಣ ಪಟ್ಟೆಯನ್ನು ನೋಡಿರುತ್ತೀರಿ. ಉಗ್ರಾಣದ ಕಂಬ, ತೊಲೆಗಳೂ ಹಾಗೆಯೇ ನೀರನ್ನು ತಡೆಯುತ್ತವೆ. ಲೆಕ್ಕದಲ್ಲಿ 9 ಚದರ ಮೀಟರ್ ಹಾಗೆಯೇ ಇರುತ್ತದೆ, ನೆನೆಯುವ ನೆಲ ಮಾತ್ರ ಕಡಿಮೆಯಾಗುತ್ತದೆ. ಸಾಮಾನ್ಯ ಸ್ಪ್ರಿಂಕ್ಲರನ್ನು ಕಂಬದಿಂದ ಅದರ ಅಗಲದ ಮೂರರಷ್ಟಾದರೂ ದೂರವಿಡಬೇಕು. 20 ಸೆಂಟಿಮೀಟರ್ ಕಂಬಕ್ಕೆ 60 ಸೆಂಟಿಮೀಟರ್. 1.2 ಮೀಟರಿಗಿಂತ ಅಗಲವಾದ ಅಟ್ಟ ಅಡ್ಡ ಬಂದರೆ ಅದರಡಿಗೆ ಬೇರೆ ಸ್ಪ್ರಿಂಕ್ಲರೇ ಬೇಕು.

ಕಂಬ ಇದ್ದಲ್ಲೇ ಇರುತ್ತದೆ. ಚೀಲದ ನಿಟ್ಟು ಹಾಗಲ್ಲ, ಸುಗ್ಗಿ ಬಂದಂತೆ ಬೆಳೆಯುತ್ತದೆ. ಸ್ಪ್ರಿಂಕ್ಲರಿನ ನೀರು ಚೆದುರಿಸುವ ತಟ್ಟೆಗೂ ನಿಟ್ಟಿನ ನೆತ್ತಿಗೂ ನಡುವೆ ಕನಿಷ್ಠ 45 ಸೆಂಟಿಮೀಟರ್ ಬಯಲಿರಬೇಕು. ಜಾಗ ಸಾಲದೆಂದು ಇನ್ನೊಂದು ವರಸೆ ಏರಿಸಿದರೆ ನೀರು ಅಗಲಕ್ಕೆ ಹರಡದೆ ಅಲ್ಲೇ ಸುರಿಯುತ್ತದೆ. ಮುಂದಿನ ಓಣಿಯ ಬೆಂಕಿಗೆ ತಲುಪುವುದಿಲ್ಲ. ಇದು ಹಮಾಲರ ತಪ್ಪಲ್ಲ, ಏರಿಸಲು ಹೇಳಿದವರದ್ದು.

ನಿಮ್ಮ ಸಹಕಾರ ಸಂಘದ ಉಗ್ರಾಣದಲ್ಲಿ ಸ್ಪ್ರಿಂಕ್ಲರ್ ಇದ್ದರೆ ಆ ಎತ್ತರಕ್ಕೆ ಗೋಡೆಯುದ್ದಕ್ಕೂ ಕೆಂಪು ಗೆರೆ ಎಳೆಸಿರಿ. ಹೊಸ ಅಟ್ಟ, ಅಡ್ಡಗೋಡೆ ಕಟ್ಟಿಸಿದಾಗಲೆಲ್ಲ ಅಗ್ನಿಶಾಮಕ ಠಾಣೆಯವರನ್ನು ಕರೆಸಿ ಮತ್ತೆ ಅಳೆಯಿಸಿರಿ.